ವಿರಾಮವೂ ಒಂದು ವಿದ್ಯೆ

ಶಾಲೆಯ ವೇಳಾಪಟ್ಟಿಯಲ್ಲಿ ಗಣಿತಕ್ಕೊಂದು ಅವಧಿಯುಂಟು, ಭಾಷೆಗೊಂದು ಅವಧಿಯುಂಟು, ವಿಜ್ಞಾನಕ್ಕೂ ವ್ಯಾಯಾಮಕ್ಕೂ ಅವುಗಳದೇ ಅವಧಿಗಳುಂಟು. ವಿರಾಮಕ್ಕೆ ದೊರೆಯುವುದು ಹತ್ತು ನಿಮಿಷ ಮಾತ್ರ. ಅದೂ ನೀರು ಕುಡಿದು ಬರುವುದಕ್ಕೆ. ವಿರಾಮವೆಂದರೆ ಎರಡು ಕೆಲಸಗಳ ನಡುವೆ ಉಳಿದ ಬರಿಯ ತೆರಪು, ಅದರಲ್ಲಿ ಕಲಿಯತಕ್ಕದ್ದೂ ಕಲಿಸತಕ್ಕದ್ದೂ ಏನೂ ಇಲ್ಲವೆಂಬ ಭಾವನೆ ಹೀಗೆ ಎಳವೆಯಲ್ಲಿಯೇ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಆ ಮಗು ಬೆಳೆದು ವಿದ್ಯಾವಂತನಾಗಿ, ಉದ್ಯೋಗಸ್ಥನಾಗಿ, ಕೊನೆಗೆ ನಿವೃತ್ತನಾದಾಗ, ಎದುರಿಗೆ ಬಂದು ನಿಲ್ಲುವ ಬಿಡುವಿನ ದಿನಗಳನ್ನು ಕಂಡು ಬೆದರುತ್ತಾನೆ. ಜೀವಮಾನವೆಲ್ಲ ಕೆಲಸ ಮಾಡಲು ಕಲಿತವನಿಗೆ ಒಂದು ಮಧ್ಯಾಹ್ನವನ್ನು ಸಾರ್ಥಕವಾಗಿ ಕಳೆಯುವ ಬಗೆ ತಿಳಿಯದಿದ್ದರೆ ಅದು ಶಿಕ್ಷಣದ ಸಣ್ಣ ಸೋಲೇನೂ ಅಲ್ಲ.

ಇಂಗ್ಲಿಷಿನ ‘ಸ್ಕೂಲ್’ ಎಂಬ ಶಬ್ದದ ಮೂಲ ಗ್ರೀಕ್ ಭಾಷೆಯ ‘ಸ್ಖೊಲೆ’ ಎಂಬ ಶಬ್ದ. ಅದರ ಮೊದಲ ಅರ್ಥ ವಿರಾಮ. ದುಡಿಮೆಯಿಂದ ಬಿಡುವು ಪಡೆದವರು ಆ ಬಿಡುವನ್ನು ವಿಚಾರಕ್ಕೂ ಸಂವಾದಕ್ಕೂ ಬಳಸಿದರು. ಕಾಲಕ್ರಮದಲ್ಲಿ ಹಾಗೆ ಬಳಸುವ ಸ್ಥಳಕ್ಕೇ ಆ ಹೆಸರು ನಿಂತಿತು. ವಿರಾಮದಿಂದ ಹುಟ್ಟಿದ ಶಾಲೆ ಇಂದು ವಿರಾಮವನ್ನೇ ಹೊರಗೆ ನಿಲ್ಲಿಸಿರುವುದು ವಿಚಾರಾರ್ಹವಾದ ಸಂಗತಿ. ವಿರಾಮವನ್ನು ಬಳಸುವುದೂ ಒಂದು ವಿದ್ಯೆ; ಅದನ್ನೂ ಶಾಲೆಯೇ ಕಲಿಸಬೇಕು. ಅದಕ್ಕೆ ಬೇಕಾದ ಸಾಧನಗಳು ದುಬಾರಿಯವೇನೂ ಅಲ್ಲ: ತೆರೆದ ಬಾಗಿಲಿನ ಒಂದು ಗ್ರಂಥಾಲಯ, ನಾಲ್ಕು ಹಳೆಯ ಪುಸ್ತಕ, ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಚಲನಚಿತ್ರ. ಆದರೆ ಇವನ್ನು ಕಾಯ್ದುಕೊಳ್ಳುವವರು ಬೇಕು.

ಈ ಮಾತನ್ನು ಮನಗಾಣಿಸಲು ಸಣ್ಣ ಊರೊಂದರ ಪ್ರೌಢಶಾಲೆಯ ಉಪಾಧ್ಯಾಯರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಶಾಲೆಯ ಕಾಗದಪತ್ರಗಳ ಸಲುವಾಗಿ ಅವರು ರಾತ್ರಿಯ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿದ್ದಾರೆ. ಸಂಬಂಧಪಟ್ಟ ಅಧಿಕಾರಿಗಳು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂಬ ಉತ್ತರ ಕಛೇರಿಯಲ್ಲಿ ದೊರೆತಿದೆ. ಇಂಥ ಉತ್ತರ ಉಪಾಧ್ಯಾಯರಿಗೆ ಹೊಸತಲ್ಲ. ಬೆಳಗಿನ ಹನ್ನೊಂದು ಗಂಟೆಗೇ ಕೈಯಲ್ಲಿ ಇಡೀ ದಿನ ಉಳಿದುಬಿಟ್ಟಿರುವುದು ಮಾತ್ರ ಹೊಸತು. ಊರಿಗೆ ಮರಳುವ ಬಸ್ಸು ರಾತ್ರಿ ಹತ್ತಕ್ಕೆ. ಅವರ ಕೈಚೀಲದಲ್ಲಿ ಊಟದ ಡಬ್ಬಿ, ಕಾಗದದ ಕಡತ ಮತ್ತು ಒಂದು ಬೀಗದಕೈ ಗೊಂಚಲು. ಆ ಗೊಂಚಲಿನಲ್ಲಿ ಶಾಲೆಯ ಗ್ರಂಥಭಂಡಾರದ ಎರಡು ಬೀರುಗಳ ಬೀಗದಕೈಗಳೂ ಇವೆ. ಏಕೆಂದರೆ ಪಾಠದ ಜೊತೆಗೆ ಗ್ರಂಥಭಂಡಾರದ ಹೊಣೆಯೂ ಅವರದೇ.

ಕಛೇರಿಯಿಂದ ಹೊರಟವರು ನೃಪತುಂಗ ರಸ್ತೆಯನ್ನು ದಾಟಿ ಕಬ್ಬನ್ ಉದ್ಯಾನದೊಳಗೆ ಕಾಲಿಡುತ್ತಾರೆ. ಮರಗಳ ನಡುವೆ ಕೆಂಬಣ್ಣದ ಶೇಷಾದ್ರಿ ಸ್ಮಾರಕ ಭವನ ಕಾಣಿಸುತ್ತದೆ. 1883ರಿಂದ 1901ರ ವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ, ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಕಾರಣರಾದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗಾಗಿ ಕಟ್ಟಿಸಿದ ಭವನವಿದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಸಾರ್ವಜನಿಕ ಗ್ರಂಥಾಲಯ ಇಲ್ಲಿ ನೆಲೆಗೊಂಡಿತು. ಇಂದು ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಭವನದ ಎದುರಿಗೆ ದಿವಾನರ ಪ್ರತಿಮೆಯೂ ಇದೆ. ಪ್ರತಿಮೆಯನ್ನು ತಲೆಯೆತ್ತಿ ನೋಡುವವರು ವಿರಳ. ಆದರೆ ಅವರ ಹೆಸರಿನ ಭವನದೊಳಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಜನರು ಬಂದು ಕುಳಿತು ಓದಿ ಹೋಗಿದ್ದಾರೆ. ಹಿರಿಯರ ನೆನಪನ್ನು ಉಳಿಸಬೇಕೆನ್ನುವ ದಾನಿಗಳಿಗೆ ಈ ಎರಡು ಸ್ಮಾರಕಗಳು ಒಂದೇ ಅಂಗಳದಲ್ಲಿ ನಿಂತು ಹೇಳುವ ಪಾಠ ಸ್ಪಷ್ಟವಾಗಿದೆ.

ಒಳಗೆ ಹೋಗಲು ಯಾರ ಶಿಫಾರಸೂ ಬೇಡ, ಹಣವೂ ಬೇಡ. ದಿನಪತ್ರಿಕೆಗಳ ಮೇಜಿನ ಸುತ್ತ ನಿವೃತ್ತರು ಕುಳಿತಿದ್ದಾರೆ. ಅತ್ತ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ತರುಣರು ಮನೆಯಿಂದ ತಂದ ಪುಸ್ತಕಗಳ ಮೇಲೆ ಬಗ್ಗಿದ್ದಾರೆ. ಅವರಿಗೆ ಗ್ರಂಥಾಲಯದಿಂದ ಬೇಕಾಗಿರುವುದು ಒಂದು ಕುರ್ಚಿ, ಒಂದು ದೀಪ, ಅಷ್ಟು ಮೌನ. ಇಕ್ಕಟ್ಟಾದ ಬಾಡಿಗೆಯ ಕೋಣೆಯಲ್ಲಿ ನಾಲ್ವರೊಡನೆ ವಾಸಿಸುವ ಹುಡುಗನಿಗೆ ಮೌನವೂ ಒಂದು ಸಂಪತ್ತು; ಅದನ್ನು ಕೊಡುವುದೂ ಗ್ರಂಥಾಲಯದ ಧರ್ಮವೇ. ಆದರೆ ಸುತ್ತಲೂ ಸಾವಿರಾರು ಗ್ರಂಥಗಳಿರುವಾಗ ಒಂದನ್ನೂ ಕೈಗೆತ್ತಿಕೊಳ್ಳದೆ ಎದ್ದುಹೋಗುವ ಯುವಕರನ್ನು ಕಂಡರೆ, ಕೆರೆಯ ದಂಡೆಯಲ್ಲಿ ಕುಳಿತು ಸೀಸೆಯ ನೀರು ಕುಡಿಯುವವರ ನೆನಪಾಗುತ್ತದೆ. ತಪ್ಪು ಅವರದಲ್ಲ. ಪರೀಕ್ಷೆಗೆ ಬಾರದ ಪುಸ್ತಕವನ್ನು ತೆರೆಯುವ ಅಭ್ಯಾಸವನ್ನು ಅವರಿಗೆ ಯಾವ ಶಾಲೆಯೂ ಮಾಡಿಸಲಿಲ್ಲ.

ಉಪಾಧ್ಯಾಯರು ಕಪಾಟುಗಳ ನಡುವೆ ಸುಮ್ಮನೆ ನಡೆಯುತ್ತಾರೆ. ಇಂಥದೇ ಪುಸ್ತಕ ಬೇಕೆಂಬ ಉದ್ದೇಶವಿಲ್ಲದೆ ಹೀಗೆ ನಡೆಯುವುದು ಗ್ರಂಥಾಲಯ ಕೊಡುವ ಮೊದಲ ಸುಖ. ಚರಿತ್ರೆಯನ್ನು ಹುಡುಕಿ ಹೋದ ಕೈಗೆ ಪಕ್ಕದ ಪ್ರವಾಸಕಥನ ಸಿಗುತ್ತದೆ. ಅಲ್ಲಿಂದ ಸಸ್ಯಗಳ ಕುರಿತ ಗ್ರಂಥವೊಂದಕ್ಕೆ ದಾರಿ ತೆರೆಯುತ್ತದೆ. ಕೇಳಿದ್ದನ್ನು ಮಾತ್ರ ತಂದುಕೊಡುವ ಯಂತ್ರದಲ್ಲಿ ಈ ಆಕಸ್ಮಿಕಕ್ಕೆ ಎಡೆಯಿಲ್ಲ. ಕೇಳಬೇಕೆಂದು ತಿಳಿಯದೆ ಇದ್ದುದನ್ನು ಕಪಾಟು ತಾನಾಗಿ ಮುಂದೆ ಹಿಡಿಯುತ್ತದೆ. ಪುಸ್ತಕದ ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿಯಂತೂ ತನ್ನಷ್ಟಕ್ಕೆ ಒಂದು ಚರಿತ್ರೆ. ಯಾವ ವರ್ಷ ಎಷ್ಟು ಮಂದಿ ಒಯ್ದರು, ಎಷ್ಟು ಕಾಲ ಯಾರೂ ಮುಟ್ಟಲಿಲ್ಲ, ಮತ್ತೆ ಯಾವಾಗ ಒಬ್ಬ ಓದುಗ ಬಂದ ಎಂಬುದನ್ನು ಆ ಮೊಹರುಗಳ ಸಾಲು ಹೇಳುತ್ತದೆ.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಮೇಲೆ ಅವರ ಬಾಳಿನ ದಾರಿ ಬದಲಾಯಿತು. 1931ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ವಿಧಿಸಿದರು. ಪುಸ್ತಕವಿರುವುದು ಬಳಕೆಗೆಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಕೇಳಲು ಅತಿ ಸರಳವಾದ ಈ ಮಾತನ್ನು ಮೊದಲ ಸೂತ್ರವಾಗಿ ಇಡಬೇಕಾಗಿ ಬಂದುದೇಕೆ? ಯೂರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದ ಕಾಲವಿತ್ತು. ಸರಪಳಿ ಹೋದ ಮೇಲೂ ಸರಪಳಿಯ ಮನೋಭಾವ ಹೋಗಲಿಲ್ಲ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ನಿಧನರಾದರು. ಅವರ ಮೊದಲ ಸೂತ್ರ ಮಾತ್ರ ಹಲವು ಶಾಲೆಗಳ ಬೀರುವಿನ ಬಾಗಿಲಲ್ಲಿ ಇಂದಿಗೂ ಕಾದು ನಿಂತಿದೆ.

ಏಕೆಂದರೆ ಶಾಲೆಯ ಗ್ರಂಥಭಂಡಾರದ ವಾಸ್ತವ ಸ್ಥಿತಿ ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. ಪುಸ್ತಕವೊಂದು ಕಳೆದರೆ ತಪಾಸಣೆಯ ದಿನ ಉತ್ತರ ಹೇಳಬೇಕಾದವರು ಅವರು. ಹಲವೆಡೆ ಅದರ ಬೆಲೆಯನ್ನು ತೆರಬೇಕಾದವರೂ ಅವರೇ. ಹೀಗಿರುವಾಗ ಬೀರುವಿಗೆ ಬೀಗ ಹಾಕುವುದೇ ಜಾಣತನವೆನಿಸುತ್ತದೆ. ದಾಖಲೆ ಪುಸ್ತಕ ಸರಿಯಾಗಿದೆ, ಸಂಖ್ಯೆ ತಾಳೆಯಾಗುತ್ತದೆ, ಒಂದು ಪುಸ್ತಕವೂ ಕಳೆದಿಲ್ಲ; ಒಂದು ಪುಸ್ತಕವನ್ನೂ ಯಾರೂ ಓದಿಲ್ಲ. ಕಳೆಯದೆ ಇರುವುದೇ ಗುಣವೆಂದು ಎಣಿಸುವ ವ್ಯವಸ್ಥೆಯಲ್ಲಿ ದೋಷವನ್ನು ಉಪಾಧ್ಯಾಯರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ವರ್ಷಕ್ಕೆ ಇಷ್ಟು ಪುಸ್ತಕಗಳು ಹರಿದುಹೋಗುವುದೂ ಕಳೆದುಹೋಗುವುದೂ ಸಹಜವೆಂದು ಆಡಳಿತ ಮಂಡಲಿಗಳು ಒಪ್ಪಿ ಬರೆದುಕೊಟ್ಟರೆ ಸಾಕು, ಅರ್ಧ ಬೀಗಗಳು ತಾವಾಗಿ ತೆರೆಯುತ್ತವೆ.

ಸಾರ್ವಜನಿಕ ಗ್ರಂಥಾಲಯಗಳ ವಿಷಯದಲ್ಲಿ ಈ ನಾಡು ಹಿಂದೆ ಬಿದ್ದಿರಲಿಲ್ಲವೆಂಬುದನ್ನೂ ಸ್ಮರಿಸಬೇಕು. ಮದರಾಸು ಪ್ರಾಂತ 1948ರಲ್ಲಿ ಗ್ರಂಥಾಲಯ ಕಾಯಿದೆಯನ್ನು ಮಾಡಿತು. ಆಗ ಮೈಸೂರು ಎಂದೇ ಕರೆಯಲ್ಪಡುತ್ತಿದ್ದ ಕರ್ನಾಟಕ ರಾಜ್ಯ 1965ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಮನೆ ಕಟ್ಟಡಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡುವ ಏರ್ಪಾಡು ಅದರಿಂದ ಬಂದುದು. ಆ ಕರ ಈಗ ತೆರಿಗೆಯ ನೂರಕ್ಕೆ ಆರರಷ್ಟು. ಪಟ್ಟಣದಲ್ಲಿ ಸ್ವಂತ ಮನೆಯುಳ್ಳ ಪ್ರತಿಯೊಬ್ಬನೂ, ಒಮ್ಮೆಯೂ ಒಳಗೆ ಕಾಲಿಡದಿದ್ದರೂ, ಗ್ರಂಥಾಲಯದ ಪೋಷಕನೇ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಒದಗಿಸಿತು. ಹಣವನ್ನು ಕೊಟ್ಟಾಗಿದೆ, ಬಾಗಿಲನ್ನು ತೆರೆದಾಗಿದೆ. ಆ ಬಾಗಿಲಿನ ವರೆಗೆ ಮಕ್ಕಳನ್ನು ಕೈಹಿಡಿದು ಕರೆದೊಯ್ಯುವವರು ಬೇಕಾಗಿದ್ದಾರೆ.

ಮಧ್ಯಾಹ್ನ ಉದ್ಯಾನದ ಕಲ್ಲುಬೆಂಚಿನ ಮೇಲೆ ಬುತ್ತಿ ಉಂಡು, ಉಪಾಧ್ಯಾಯರು ಮೈಸೂರು ಬ್ಯಾಂಕ್ ವೃತ್ತದ ಕಡೆಗೆ ನಡೆಯುತ್ತಾರೆ. ಅಲ್ಲಿಂದ ಅವೆನ್ಯೂ ರಸ್ತೆ; ಹಳಬರ ಬಾಯಲ್ಲಿ ದೊಡ್ಡಪೇಟೆ. ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಈ ಬೀದಿ ಬಹುಕಾಲದಿಂದ ಪ್ರಸಿದ್ಧ. ಕಳೆದ ವರ್ಷದ ವಿದ್ಯಾರ್ಥಿ ಮಾರಿದ ಪಠ್ಯಪುಸ್ತಕವನ್ನು ಈ ವರ್ಷದ ವಿದ್ಯಾರ್ಥಿ ಕಡಮೆ ಬೆಲೆಗೆ ಕೊಳ್ಳುತ್ತಾನೆ. ಅಂಚಿನಲ್ಲಿ ಮೊದಲಿನವನು ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು ಪುಕ್ಕಟೆಯಾಗಿ ದೊರೆಯುತ್ತವೆ. ಹೊಸ ಪುಸ್ತಕ ಕೊಳ್ಳುವ ಶಕ್ತಿಯಿಲ್ಲದೆ ಈ ಬೀದಿಯ ಕೃಪೆಯಿಂದಲೇ ಇಂಜಿನಿಯರುಗಳೂ ವೈದ್ಯರೂ ಆದವರು ಅನೇಕರು. ನಗರದ ಮತ್ತೊಂದು ಭಾಗದಲ್ಲಿ 1945ರಲ್ಲಿ ಆರಂಭವಾದ ಸೆಲೆಕ್ಟ್ ಪುಸ್ತಕದಂಗಡಿ ಅಪರೂಪದ ಗ್ರಂಥಗಳನ್ನು ಅರಸುವವರ ನೆಲೆಯೆಂದು ಹೆಸರಾಯಿತು. ಇಲ್ಲಿ ಮಾರುವವನಿಗೆ ಗ್ರಂಥದ ತೂಕವೂ ಗೊತ್ತು, ಹಲವು ವೇಳೆ ಅದರ ಗುಣವೂ ಗೊತ್ತು.

ಕನ್ನಡ ಪುಸ್ತಕವಂತೂ ಓದುಗನನ್ನು ಅರಸಿಕೊಂಡು ಬಹಳ ದೂರ ನಡೆದಿದೆ. ಉಪಾಧ್ಯಾಯರಾಗಿದ್ದ ಗಳಗನಾಥರು (1869–1942) ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲದೆ, ಅಚ್ಚಾದ ಪ್ರತಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುಗರೇ ಇಲ್ಲದ ಕಡೆ ಓದುಗರನ್ನು ಹುಟ್ಟಿಸಿದ ಕೀರ್ತಿ ಅವರದು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ಕೂಡಿಸಿ, ಅವರ ಬೆಂಬಲದಿಂದ ಪುಸ್ತಕಗಳನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಮಾಲೆಯ ಕಿರುಪುಸ್ತಕಗಳ ಮೂಲಕ ವಿದ್ವಾಂಸರ ಮಾತನ್ನು ಜನಸಾಮಾನ್ಯರ ಕೈಗೆಟಕುವಂತೆ ಮಾಡಿತು. ಹೀಗೆ ಹೊರಟ ಪುಸ್ತಕಗಳು ಮನೆಯ ಗೂಡಿನಲ್ಲಿ ಒಂದು ತಲೆಮಾರು ಕಳೆದು, ಮನೆ ಮಾರಿದಾಗಲೋ ಅಣ್ಣತಮ್ಮಂದಿರು ಪಾಲಾದಾಗಲೋ ತಕ್ಕಡಿಗೆ ಏರಿ, ಕೊನೆಗೆ ಇಂಥ ಬೀದಿಯ ಅಂಚಿಗೆ ಬಂದು ಬೀಳುತ್ತವೆ. ಇಲ್ಲಿಂದ ಮುಂದೆ ಎರಡೇ ದಾರಿ: ಒಬ್ಬ ಓದುಗನ ಕೈ, ಅಥವಾ ಪೊಟ್ಟಣ ಕಟ್ಟುವ ಅಂಗಡಿ.

ಅಂಥ ರಾಶಿಯೊಂದರಿಂದ ಉಪಾಧ್ಯಾಯರು ಗಳಗನಾಥರ ‘ಮಾಧವ ಕರುಣಾವಿಲಾಸ’ದ ಹಳೆಯ ಪ್ರತಿಯನ್ನು ಎತ್ತಿಕೊಂಡರೆಂದು ಭಾವಿಸಬಹುದು. ಹೊದಿಕೆ ಮಾಸಿದೆ, ಹಾಳೆ ಕೆಂಪಗಾಗಿದೆ, ಆದರೂ ಕಟ್ಟು ಬಿಗಿಯಾಗಿದೆ. ಒಳಪುಟದಲ್ಲಿ ಯಾವುದೋ ಶಾಲೆಯ ಗ್ರಂಥಭಂಡಾರದ ಮೊಹರು, ಅದರ ಪಕ್ಕದಲ್ಲಿ ದುಂಡನೆಯ ಅಕ್ಷರದಲ್ಲಿ ದಾಖಲೆಯ ಸಂಖ್ಯೆ. ಹಿಂಬದಿಯಲ್ಲಿ ದಿನಾಂಕದ ಚೀಟಿ ಅಚ್ಚುಕಟ್ಟಾಗಿ ಅಂಟಿದೆ. ಆ ಚೀಟಿಯ ಮೇಲೆ ಒಂದು ದಿನಾಂಕವೂ ಇಲ್ಲ.

ಆ ಪುಸ್ತಕದ ಕಥೆಯನ್ನು ಊಹಿಸುವುದು ಕಷ್ಟವಲ್ಲ. ಕರ್ತೃ ತಾನೇ ಹೆಗಲ ಮೇಲೆ ಹೊತ್ತು ಓದುಗರ ಬಾಗಿಲಿಗೆ ಕೊಂಡೊಯ್ದ ಕಾದಂಬರಿ, ಯಾರೋ ಉದಾರಿಗಳ ಹಣದಿಂದ ಶಾಲೆಯೊಂದನ್ನು ಸೇರಿತು. ದಶಕಗಳ ಕಾಲ ಬೀರುವಿನೊಳಗೆ ಭದ್ರವಾಗಿತ್ತು. ಹೊರಗೆ ನೂರಾರು ಮಕ್ಕಳು ಬಂದರು, ಕಲಿತರು, ಹೋದರು. ಒಂದು ದಿನ ಜಾಗ ಸಾಲದೆಂದು ಬೀರುವನ್ನು ಬರಿದು ಮಾಡಲಾಯಿತು, ಪುಸ್ತಕ ರದ್ದಿಯಾಯಿತು. ವಿಜಯನಗರದ ಸ್ಥಾಪನೆಯ ಕಥೆಯನ್ನು ಓದಿ ಮೈಮರೆಯಬಹುದಾಗಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನಿಗೂ ಆ ಪುಸ್ತಕಕ್ಕೂ ನಡುವೆ ಇದ್ದುದು ಒಂದು ಗಾಜಿನ ಬಾಗಿಲು ಮಾತ್ರ. ಕೈಚೀಲದಲ್ಲಿ ಬೀಗದಕೈ ಗೊಂಚಲನ್ನು ಹೊತ್ತ ಉಪಾಧ್ಯಾಯರಿಗೆ ಆ ಕ್ಷಣದಲ್ಲಿ ಅದರ ಭಾರ ಎಂದಿಗಿಂತ ಹೆಚ್ಚಾಗಿ ತೋರಿದರೆ ಆಶ್ಚರ್ಯವಿಲ್ಲ.

ಹಳೆಯದೆಂದು ಬದಿಗೆ ತಳ್ಳಿದ ವಸ್ತುವಿನಲ್ಲಿ ಏನು ಅಡಗಿರಬಹುದೆಂಬುದಕ್ಕೆ ಕನ್ನಡಿಗರು ದೂರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಗಳಲ್ಲಿಯೂ ಮಠಗಳಲ್ಲಿಯೂ ಗಂಟುಕಟ್ಟಿ ಇಟ್ಟಿದ್ದ ತಾಡೋಲೆಗಳನ್ನು ಅರಸಿ ಅಲೆದರು. ಅವುಗಳಿಂದ ಸಂಗ್ರಹಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಆ ಓಲೆಗಳನ್ನು ಓದಲು ಬಾರದಿದ್ದರೂ ಎಸೆಯದೆ ಇಟ್ಟುಕೊಂಡಿದ್ದ ಅನಾಮಧೇಯ ಗೃಹಸ್ಥರಿಗೂ ಆ ಕೀರ್ತಿಯಲ್ಲಿ ಒಂದು ಪಾಲು ಸಲ್ಲಬೇಕು. ಈ ಕಾಲದಲ್ಲಿಯೂ ಅಂಥ ಮನಸ್ಸುಗಳಿಗೆ ಬರವಿಲ್ಲ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು, ಬಸ್ ಕಂಡಕ್ಟರಾಗಿಯೂ ಸಕ್ಕರೆ ಕಾರ್ಖಾನೆಯ ನೌಕರರಾಗಿಯೂ ದುಡಿದ ಹಣವನ್ನು ಸುರಿದು, ಲಕ್ಷಗಟ್ಟಲೆ ಪುಸ್ತಕಗಳ ‘ಪುಸ್ತಕಮನೆ’ಯನ್ನು ಕಟ್ಟಿದರು. ಅವರು ಸಿರಿವಂತರಾಗಿರಲಿಲ್ಲ, ಪುಸ್ತಕ ಮತ್ತೊಬ್ಬನಿಗೆ ಬೇಕಾಗಬಹುದೆಂಬ ನಂಬಿಕೆಯೊಂದಿತ್ತು.

ಬೀದಿಯ ಕೊನೆಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿಂದ ದಕ್ಷಿಣದ ಬಡಾವಣೆಗಳ ಕಡೆಗೆ ಬಸ್ಸುಗಳು ಹೊರಡುತ್ತವೆ. ಸಂಜೆಗೆ ಇನ್ನೂ ನಾಲ್ಕು ಗಂಟೆಯ ಬಿಡುವಿದೆ. ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಮೆಜೆಸ್ಟಿಕ್, ಸಾಗರ್, ಕಪಾಲಿ ಮೊದಲಾದ ಚಿತ್ರಮಂದಿರಗಳು ಜನರನ್ನು ಸೆಳೆಯುತ್ತಿದ್ದವು. ಇಂದು ಅವುಗಳ ಹೆಸರು ಮಾತ್ರ ಉಳಿದಿದೆ. ಮೆಜೆಸ್ಟಿಕ್ ಅಂತೂ ಒಂದು ಬಡಾವಣೆಗೇ ತನ್ನ ಹೆಸರನ್ನು ಬಿಟ್ಟುಹೋಯಿತು. ಹಳೆಯ ಚಿತ್ರವನ್ನು ನೋಡಬೇಕೆನ್ನುವವರಿಗೆ ಚಲನಚಿತ್ರ ಸಮಾಜಗಳೇ ಆಸರೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರದಂಥ ಸಮಾಜಗಳು ಚಿತ್ರವನ್ನು ನೋಡಿ, ನೋಡಿದ್ದನ್ನು ಕುರಿತು ಮಾತನಾಡುವ ಒಂದು ಸಂಸ್ಕಾರವನ್ನೇ ಬೆಳೆಸಿದವು.

ಅಂಥ ಒಂದು ಸಭಾಂಗಣದಲ್ಲಿ ಉಪಾಧ್ಯಾಯರು ನೋಡುವ ಚಿತ್ರ 1964ರ ‘ನಾಂದಿ’ ಆಗಿರಲಿ. ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನದ ಮೊದಲ ಚಿತ್ರ ಅದು. ಪುರಾಣದ ಕಿರೀಟವನ್ನೂ ಅರಸನ ಖಡ್ಗವನ್ನೂ ಬದಿಗಿಟ್ಟು ರಾಜಕುಮಾರ್ ಅವರು ಅದರಲ್ಲಿ ಸಾಧಾರಣ ಶಾಲಾ ಉಪಾಧ್ಯಾಯರೊಬ್ಬರಾಗಿ ಕಾಣಿಸಿಕೊಂಡರು. ಮೊದಲ ಹೆಂಡತಿಯನ್ನು ಕಳೆದುಕೊಂಡು, ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳನ್ನು ಕೈಹಿಡಿದವನ ಸಂಸಾರದ ಕಥೆ ಅದು. ಹರಿಣಿ ಮತ್ತು ಕಲ್ಪನಾ ಅವರ ಅಭಿನಯ, ವಿಜಯಭಾಸ್ಕರ್ ಅವರ ಸಂಗೀತ, ಆರ್. ಎನ್. ಜಯಗೋಪಾಲ್ ಅವರ ಗೀತೆಗಳು ಅದಕ್ಕೆ ಜೊತೆಗೂಡಿದವು. ಕೇಳದವರಿಗೂ ಕಲಿಯುವ ಹಕ್ಕುಂಟು, ಕಲಿಸುವ ಮಾರ್ಗವೂ ಉಂಟು ಎಂಬ ಮಾತನ್ನು ಆ ಕಾಲದ ಕನ್ನಡ ಚಿತ್ರವೊಂದು ಆಡಿತೆಂಬುದು ಶಿಕ್ಷಕ ವರ್ಗ ಹೆಮ್ಮೆಪಡಬೇಕಾದ ಸಂಗತಿ. ಕತ್ತಲೆಯಲ್ಲಿ ಕುಳಿತು ತನ್ನದೇ ವೃತ್ತಿಯವನೊಬ್ಬನನ್ನು ಪರದೆಯ ಮೇಲೆ ನೋಡುವ ಉಪಾಧ್ಯಾಯರಿಗೆ, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ, ಎಂದೂ ಉತ್ತರ ಹೇಳದ ಮಗುವೊಂದರ ಮುಖ ನೆನಪಾಗುವುದು ಅಸಂಭವವಲ್ಲ. ಆ ಮಗುವಿಗೆ ಪಾಠ ತಿಳಿಯುತ್ತಿಲ್ಲವೋ, ಕೇಳಿಸುತ್ತಲೇ ಇಲ್ಲವೋ? ಯಾವ ಸುತ್ತೋಲೆಯೂ ಕೇಳದ ಈ ಪ್ರಶ್ನೆಯನ್ನು ಒಂದು ಹಳೆಯ ಚಿತ್ರ ಕೇಳಬಲ್ಲದು.

ಅದೇ ನಿರ್ದೇಶಕರು ಚದುರಂಗರ ಕಾದಂಬರಿಯನ್ನು ಆಧರಿಸಿ 1969ರಲ್ಲಿ 'ಉಯ್ಯಾಲೆ'ಯನ್ನೂ, ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಚಿತ್ರವನ್ನೂ ಮಾಡಿದರು. ತ್ರಿವೇಣಿಯವರ ಕಾದಂಬರಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ 1967ರ ‘ಬೆಳ್ಳಿ ಮೋಡ’ವಾಯಿತು. ಈ ಚಿತ್ರಗಳನ್ನು ನೋಡಿದವರು ಮೂಲವನ್ನು ಓದಬೇಕೆಂದು ಗ್ರಂಥಾಲಯಕ್ಕೆ ಹೋಗುತ್ತಾರೆ. ಮೂಲವನ್ನು ಓದಿದವರು ಚಿತ್ರವನ್ನು ಹುಡುಕುತ್ತಾರೆ. ಗ್ರಂಥಾಲಯ, ಹಳೆಯ ಪುಸ್ತಕದ ಬೀದಿ, ಚಿತ್ರದ ಸಭಾಂಗಣ ಎಂಬ ಮೂರು ಹೀಗೆ ಒಂದನ್ನೊಂದು ಕೈಹಿಡಿದು ನಿಂತಿವೆ. ಒಂದು ಮುಚ್ಚಿದರೆ ಉಳಿದೆರಡೂ ಬಡವಾಗುತ್ತವೆ.

ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ದೃಷ್ಟಾಂತಗಳಿವೆ. ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆ ಕಂಡ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ಅದರಲ್ಲಿ ನಟಿಸಿದ್ದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡವು ತೆರೆಯ ಮೇಲೆ ಮೊದಲು ಆಡಿದ ಮಾತು ಹೇಗಿತ್ತೆಂದು ಮುಂದಿನವರು ಕೇಳಲಾರರು. ಇದಕ್ಕೆ ಪ್ರತಿಯಾಗಿ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ದ ಮೂಲ ನೆಗೆಟಿವ್, 1964ರಲ್ಲಿ ಸ್ಥಾಪಿತವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದ ಪುನರುದ್ಧಾರಗೊಂಡ ಚಿತ್ರ 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಒಂದು ಚಿತ್ರವನ್ನು ಕಾಯ್ದವರಿದ್ದರು, ಇನ್ನೊಂದಕ್ಕೆ ಇರಲಿಲ್ಲ.

ಎಲ್ಲವೂ ಕೈಯೊಳಗಿನ ದೂರವಾಣಿಯಲ್ಲಿಯೇ ದೊರೆಯುವಾಗ ಇಷ್ಟೆಲ್ಲ ಅಲೆದಾಟವೇಕೆಂದು ಕೇಳುವವರುಂಟು. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಹಳೆಯ ಕನ್ನಡ ಗ್ರಂಥಗಳು ಗಣಕೀಕೃತವಾಗಿ ಹಳ್ಳಿಯ ಓದುಗನಿಗೂ ಎಟಕುತ್ತಿರುವುದು ದೊಡ್ಡ ಉಪಕಾರ. ಆದರೆ ಗಣಕಕ್ಕೆ ಏರಿಸಲು ಯಾರಾದರೂ ಒಂದು ಕಾಗದದ ಪ್ರತಿಯನ್ನು ಕಾಪಾಡಿರಬೇಕಲ್ಲವೆ? ಅದಲ್ಲದೆ ದೂರವಾಣಿ ಒಂದನ್ನು ತೋರಿಸುತ್ತಿರುವಾಗಲೇ ಮತ್ತೊಂದಕ್ಕೆ ಕರೆಯುತ್ತದೆ. ಎರಡು ಗಂಟೆಗಳ ಕಾಲ ಒಂದೇ ಪುಸ್ತಕದೊಡನೆ, ಒಂದೇ ಚಿತ್ರದೊಡನೆ ಕುಳಿತಿರುವ ತಾಳ್ಮೆಯನ್ನು ಅದು ಕಲಿಸಲಾರದು. ಆ ತಾಳ್ಮೆಯಿಲ್ಲದವನಿಗೆ ಪಠ್ಯಪುಸ್ತಕವೂ ಒಲಿಯುವುದಿಲ್ಲವೆಂಬುದು ತರಗತಿಯಲ್ಲಿ ನಿಂತವರೆಲ್ಲರ ಅನುಭವ.

ಕಾಯಕದ ನಾಡಿನಲ್ಲಿ ವಿರಾಮದ ಹೊಗಳಿಕೆ ಸೋಮಾರಿತನದ ಹೊಗಳಿಕೆಯಾಗಲಾರದೆ ಎಂಬುದು ಎರಡನೆಯ ಶಂಕೆ. ಸೋಮಾರಿಗೆ ವಿರಾಮದ ರುಚಿ ಗೊತ್ತಿಲ್ಲ. ಅದು ದುಡಿದವನಿಗೆ ಮಾತ್ರ ಗೊತ್ತು. ದಿನವಿಡೀ ನಡೆದು, ನಿಂತು ಪುಟ ತಿರುವಿ, ಒಂದು ಚಿತ್ರವನ್ನು ಮನಸ್ಸಿಟ್ಟು ನೋಡಿದ ಉಪಾಧ್ಯಾಯರು ಆ ದಿನ ಸಂಬಳದ ಕೆಲಸವನ್ನೇನೂ ಮಾಡಲಿಲ್ಲ. ಆದರೆ ಮರುದಿನ ತರಗತಿಗೆ ಅವರು ಒಯ್ಯುವ ಬುತ್ತಿ ಬಹಳ ದೊಡ್ಡದು. ಅನ್ನವನ್ನು ಬಚ್ಚಿಟ್ಟುಕೊಂಡರೆ ದಾಸೋಹವಾಗದಂತೆ, ಅರಿವನ್ನು ಬೀಗದೊಳಗಿಟ್ಟರೆ ವಿದ್ಯಾದಾನವಾಗದು.

ಹಾಗಾದರೆ ಶಾಲೆಗಳು ಮಾಡಬೇಕಾದುದೇನು? ವಾರಕ್ಕೆ ಒಂದು ಅವಧಿಯನ್ನಾದರೂ ಪರೀಕ್ಷೆಯಿಲ್ಲದ, ಅಂಕವಿಲ್ಲದ, ಸಾರಾಂಶ ಬರೆಸದ ಓದಿಗೆ ಬಿಡಬೇಕು. ಮಗು ಕೈಗೆತ್ತಿಕೊಂಡ ಪುಸ್ತಕ ಹಿಡಿಸದಿದ್ದರೆ ಅದನ್ನು ಇಟ್ಟು ಮತ್ತೊಂದನ್ನು ತೆಗೆದುಕೊಳ್ಳುವ ಸ್ವಾತಂತ್ರ್ಯವಿರಬೇಕು. ಭಾನುವಾರ ಎರಡು ಗಂಟೆಗಳ ಕಾಲ ಗ್ರಂಥಭಂಡಾರವನ್ನು ಊರಿನವರಿಗೂ ತೆರೆದಿಡಬೇಕು. ನಿವೃತ್ತ ಉಪಾಧ್ಯಾಯರು ಸರದಿಯ ಮೇಲೆ ಬಂದು ಕುಳಿತರೆ ಖರ್ಚಿಲ್ಲ. ತಿಂಗಳಿಗೊಮ್ಮೆ ಒಳ್ಳೆಯ ಹಳೆಯ ಚಿತ್ರವೊಂದನ್ನು ಮಕ್ಕಳಿಗೆ ತೋರಿಸಿ, ಮುಗಿದ ಮೇಲೆ ಅವರ ಮಾತನ್ನು ದೊಡ್ಡವರು ಕೇಳಬೇಕು.

ಹಳೆಯ ವಿದ್ಯಾರ್ಥಿಗಳ ಪಾಲಿಗೂ ಕೆಲಸವುಂಟು. ಮನೆಯ ಅಟ್ಟವನ್ನು ಬರಿದುಮಾಡುವಾಗ ತಕ್ಕಡಿಯವನಿಗಿಂತ ಮೊದಲು ಶಾಲೆಯನ್ನು ನೆನೆಯಲಿ. ಹಾಗೆಂದು ಗೆದ್ದಲು ಹಿಡಿದ ಗೈಡುಗಳನ್ನು ಮೂಟೆ ಕಟ್ಟಿ ಕಳುಹಿಸುವುದು ದಾನವಲ್ಲ. ಬಾಲ್ಯದಲ್ಲಿ ತಮ್ಮನ್ನು ಕುಣಿಸಿದ, ಅಳಿಸಿದ ಒಂದೇ ಪುಸ್ತಕವಾದರೂ ಸಾಕು. ದಾನಿಗಳು ಕಟ್ಟಡಕ್ಕೆ ಕೊಡುತ್ತ ಬಂದಿದ್ದಾರೆ. ಅದರಿಂದಲೇ ಶಾಲೆಗಳು ನಿಂತಿವೆ. ಇನ್ನು ಮುಂದೆ ಆ ಕಟ್ಟಡದೊಳಗಿನ ಗ್ರಂಥಪಾಲಕರೊಬ್ಬರ ಸಂಬಳಕ್ಕೂ, ಹರಿದ ಪುಸ್ತಕಗಳ ಕಟ್ಟುಕೆಲಸಕ್ಕೂ, ಕಳೆದ ಪುಸ್ತಕಗಳ ಭರ್ತಿಗೂ ಸಣ್ಣದೊಂದು ನಿಧಿಯನ್ನು ಇಟ್ಟರೆ ಆ ಕಟ್ಟಡಕ್ಕೆ ಉಸಿರು ಬರುತ್ತದೆ. ಡಿ. ವಿ. ಗುಂಡಪ್ಪನವರು 1970ರಲ್ಲಿ ತಮಗೆ ಸನ್ಮಾನವಾಗಿ ಬಂದ ನಿಧಿಯನ್ನು ತಾವು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಒಪ್ಪಿಸಿದರು. ಹೆಸರನ್ನು ಕಲ್ಲಿನಲ್ಲಿ ಕೆತ್ತಿಸದೆ ಓದುವ ಮನಸ್ಸುಗಳಲ್ಲಿ ಬಿತ್ತುವುದಕ್ಕೆ ಅದಕ್ಕಿಂತ ಮೇಲಾದ ಮಾದರಿ ಬೇಕಿಲ್ಲ.

ರಾತ್ರಿ ಹತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತ ಉಪಾಧ್ಯಾಯರ ಕೈಚೀಲದಲ್ಲಿ ಕಡತ ಹಾಗೆಯೇ ಇದೆ. ಬಂದ ಕೆಲಸ ಆಗಲಿಲ್ಲ. ಅದರ ಪಕ್ಕದಲ್ಲಿ ಮೊಹರು ಬಿದ್ದ ಹಳೆಯ ಕಾದಂಬರಿಯೊಂದಿದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮೊದಲು ಅವರು ಬೀರುವಿನ ಬೀಗ ತೆರೆದು, ಹಿಂದಿನ ಬೆಂಚಿನ ಆ ಮೌನಿಯಾದ ಮಗುವನ್ನು ಹತ್ತಿರ ಕರೆದು, ಯಾವುದು ಬೇಕೋ ಆರಿಸಿಕೋ ಎಂದರೆ, ಆ ದಿನ ವ್ಯರ್ಥವಾಯಿತೆಂದು ಯಾರು ಹೇಳಿಯಾರು? ಅಂಥ ಬೆಳಗು ಪ್ರತಿಯೊಂದು ಶಾಲೆಗೂ ಬರಲಿ. ದಿನಾಂಕದ ಚೀಟಿಗಳ ಮೇಲೆ ಮೊಹರುಗಳು ಬೀಳುತ್ತಿರಲಿ.